ಸೆಲ್ಫ್ ಕೊಟ್ಟ ಕೆಟರಿಂಗ್

ಗಾಡಿ ಸ್ಟಾರ್ಟ್ ಆಗದೇ ಇದ್ದರೆ ನಮ್ಮಲ್ಲಿ ಯಾವ ಮೆಕ್ಯಾನಿಕ್ ಬಂದರೂ ಮೊದಲು ಕೇಳೋದು ಸೆಲ್ಫ್ ತಗೊಳ್ತಿದೆಯಾ ಅಂತ. ಸೆಲ್ಫ್ ಹೊಡಿ, ಸೆಲ್ಫ್ ಹೋಗಿದೆ, ಸೆಲ್ಫ್ ಮೋಟರ್ ಬಿಚ್ಚಬೇಕು ಅಂತೆಲ್ಲ ದಿನಾ ಕೇಳ್ತೀವಿ. ಸೆಲ್ಫ್ ಸ್ಟಾರ್ಟರ್ ಅನ್ನೋ ಪದದ ಅರ್ಧ ಭಾಗ ಇದು. ಇಂಗ್ಲಿಷ್ ಬಾರದ ಡ್ರೈವರ್ ಬಾಯಲ್ಲೂ ಕನ್ನಡದ ಪದವೇ ಆಗಿಬಿಟ್ಟಿದೆ. ಆದರೆ ಅದನ್ನು ಕಾರಿಗೆ ತಂದು ಕೂರಿಸಿದ ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್ ಅವರ ಹೆಸರು ನಮ್ಮ ಯಾವ ಸಿಲೆಬಸ್‌ನಲ್ಲೂ ದೊಡ್ಡದಾಗಿ ಬರೋದಿಲ್ಲ. ಅಮೆರಿಕದಲ್ಲಿ ಅವರ ಹೆಸರಿನಲ್ಲಿ ಒಂದು ಊರಿದೆ, ಒಂದು ಯೂನಿವರ್ಸಿಟಿ ಇದೆ, ಜಗತ್ತಿಗೆಲ್ಲ ಗೊತ್ತಿರುವ ಒಂದು ಕ್ಯಾನ್ಸರ್ ಸಂಸ್ಥೆ ಇದೆ. ಕಾರು ಯಾಕೆ ಸ್ಟಾರ್ಟ್ ಆಗ್ತಿಲ್ಲ, ತೊಂದರೆ ಎಲ್ಲಿದೆ ಅಂತ ಹುಡುಕೋ ಕೆಲಸದಲ್ಲಿ ಅವರ ಬದುಕಿನಷ್ಟು ಪಾಠ ಕೊಡುವ ಇನ್ನೊಂದು ಬದುಕು ನಮಗಂತೂ ಕಂಡಿಲ್ಲ. ಆ ಪಾಠದಲ್ಲಿ ಒಂದು ಭಾಗ ಅವರು ಗೆದ್ದಿದ್ದರಿಂದ ಬಂದದ್ದು, ಇನ್ನೊಂದು ಅವರು ಸೋತಿದ್ದರಿಂದ ಬಂದದ್ದು.

ಕಣ್ಣು ಕೈಕೊಟ್ಟ ಹುಡುಗ

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಅಮೆರಿಕದ ಒಹಾಯೋ ರಾಜ್ಯದ ಲೌಡನ್‌ವಿಲ್ ಹತ್ತಿರದ ಒಂದು ಹೊಲದ ಮನೆಯಲ್ಲಿ. ರೈತರ ಮಗ. ಚಿಕ್ಕಂದಿನಿಂದ ಕಣ್ಣಿನ ತೊಂದರೆ, ಸ್ವಲ್ಪ ಹೊತ್ತು ಪುಸ್ತಕ ಹಿಡಿದರೆ ತಲೆನೋವು. ಹೈಸ್ಕೂಲ್ ಮುಗಿಸಿ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾದರು. ಆಮೇಲೆ ಒಹಾಯೋ ಸ್ಟೇಟ್ ಯೂನಿವರ್ಸಿಟಿ ಸೇರಿದರು. ಕಣ್ಣು ಮತ್ತೆ ಕೈಕೊಟ್ಟಿತು, ಓದು ಅರ್ಧಕ್ಕೆ ಬಿಡಬೇಕಾಯ್ತು.

ಮನೆಗೆ ಬಂದು ಸುಮ್ಮನೆ ಕೂರಲಿಲ್ಲ. ಟೆಲಿಫೋನ್ ಕಂಬ ನೆಟ್ಟು ತಂತಿ ಎಳೆಯೋ ಗುಂಪಿಗೆ ಸೇರಿಕೊಂಡರು, ನಂತರ ಆ ಗುಂಪಿನ ಮುಖ್ಯಸ್ಥರೂ ಆದರು. ತಂತಿ ಎಲ್ಲಿ ಕಡಿದಿದೆ, ಸ್ವಿಚ್‌ಬೋರ್ಡಿನ ಯಾವ ರಿಲೇ ಕೆಲಸ ಮಾಡ್ತಿಲ್ಲ ಅಂತ ಒಂದೊಂದೇ ಹಂತ ಬಿಡಿಸಿ ಹುಡುಕೋ ಅಭ್ಯಾಸ ಅಲ್ಲೇ ಆಯ್ತು. ತಮ್ಮ ಮುಂದಿನ ಹೆಂಡತಿ ಆಲಿವ್ ವಿಲಿಯಮ್ಸ್ ಅವರನ್ನು ನೋಡಿದ್ದೂ ಆ ದಿನಗಳಲ್ಲೇ. ಆಮೇಲೆ ಮತ್ತೆ ಕಾಲೇಜಿಗೆ ಹೋದರು. ಜೊತೆಯವರು ಪಾಠ ಜೋರಾಗಿ ಓದಿ ಹೇಳ್ತಿದ್ದರು, ಇವರು ಕೇಳಿಸಿಕೊಳ್ತಿದ್ದರು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಗ್ರಿ ಕೈಗೆ ಬಂದಾಗ 1904ನೇ ಇಸವಿ, ವಯಸ್ಸು 27. ಒಂದು ಬ್ಯಾಕ್‌ಲಾಗ್ ಬಂದರೆ ಜೀವನವೇ ಮುಗಿದುಹೋಯ್ತು ಅನ್ನೋ ನಮ್ಮಂಥವರು ಈ ಲೆಕ್ಕ ಒಮ್ಮೆ ನೋಡಬೇಕು.

ಗಲ್ಲಾಪೆಟ್ಟಿಗೆಯಿಂದ ಕೊಟ್ಟಿಗೆಗೆ

ಕೆಲಸ ಸಿಕ್ಕಿದ್ದು ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಗಳ ಕ್ಯಾಶ್ ರಿಜಿಸ್ಟರ್‌ಗೆ ಆಗ ಕೈಯಲ್ಲಿ ಹ್ಯಾಂಡಲ್ ತಿರುಗಿಸಬೇಕಿತ್ತು. ಆ ಹ್ಯಾಂಡಲ್ ತೆಗೆದು ಅದರ ಜಾಗದಲ್ಲಿ ಮೋಟರ್ ಕೂರಿಸೋ ಕೆಲಸ ಇವರ ಪಾಲಿಗೆ ಬಂತು. ಇಲ್ಲಿ ಅವರಿಗೆ ಹೊಳೆದ ಒಂದು ಸಂಗತಿ ಮುಂದೆ ಇಡೀ ಕಾರು ಉದ್ಯಮವನ್ನೇ ಬದಲಾಯಿಸಿತು. ಕ್ಯಾಶ್ ರಿಜಿಸ್ಟರ್ ದಿನವಿಡೀ ಓಡೋದಿಲ್ಲ. ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು, ಆಮೇಲೆ ವಿಶ್ರಾಂತಿ. ಹಾಗಾಗಿ ಚಿಕ್ಕ ಮೋಟರ್ ಮೇಲೆ ಸ್ವಲ್ಪ ಹೊತ್ತು ಅದರ ಅಳತೆಗೆ ಮೀರಿದ ಭಾರ ಹಾಕಿದರೂ ಅದು ಸುಡೋದಿಲ್ಲ. ಬಿಸಿಯಾಗೋಕೆ ಮುಂಚೆಯೇ ಕೆಲಸ ಮುಗಿದಿರುತ್ತೆ.

ಅದೇ ಕಂಪನಿಯ ಎಡ್ವರ್ಡ್ ಡೀಡ್ಸ್ ಇವರಿಗೆ ಗೆಳೆಯರಾದರು. ಡೀಡ್ಸ್ ಮನೆ ಹಿಂದೆ ಒಂದು ಕೊಟ್ಟಿಗೆ ಇತ್ತು. ಹಗಲು ಕಂಪನಿ ಕೆಲಸ, ಸಂಜೆ ಮತ್ತು ರಜಾ ದಿನ ಕೊಟ್ಟಿಗೆಯಲ್ಲಿ ಕಾರಿನ ಕೆಲಸ. ಕಂಪನಿಯ ಇನ್ನೂ ಕೆಲವು ಎಂಜಿನಿಯರ್‌ಗಳು ಬಂದು ಸೇರಿಕೊಂಡರು. 1909ರಲ್ಲಿ ಕೆಟರಿಂಗ್ ನೌಕರಿ ಬಿಟ್ಟರು. ಕೊಟ್ಟಿಗೆಯ ಗುಂಪು ಡೇಟನ್ ಎಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಆಯ್ತು. ಅದರ ಚಿಕ್ಕ ಹೆಸರೇ ಡೆಲ್ಕೊ.

ಮೊದಲು ಕೈ ಹಾಕಿದ್ದು ಇಗ್ನಿಷನ್‌ಗೆ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಪೆಟ್ರೋಲ್ ಬೆರೆತ ಮಿಶ್ರಣಕ್ಕೆ ಸರಿಯಾದ ಕ್ಷಣದಲ್ಲಿ ಕಿಡಿ ಹೊತ್ತಿಸಬೇಕು. ಆಗಿನ ಬಹಳಷ್ಟು ಕಾಯಿಲ್‌ಗಳು ನಡುಗುತ್ತಾ ಪುಟ್ಟ ಪುಟ್ಟ ಕಿಡಿಗಳ ಮಳೆ ಸುರಿಸ್ತಿದ್ದವು, ಅಷ್ಟರಲ್ಲಿ ಬ್ಯಾಟರಿ ಬರಿದಾಗ್ತಿತ್ತು. ಕೆಟರಿಂಗ್ ರಿಲೇ ಬಳಸಿ ಪ್ರತಿ ಸಲ ಒಂದೇ ಒಂದು ಗಟ್ಟಿ ಕಿಡಿ ಬರುವ ಹಾಗೆ ಮಾಡಿದರು. ತತ್ವ ನಮಗೆಲ್ಲ ಗೊತ್ತಿರೋದೇ. ಬ್ಯಾಟರಿಯ ಕರೆಂಟ್ ಕಾಯಿಲ್‌ನ ಪ್ರೈಮರಿ ಸುರುಳಿಯಲ್ಲಿ ಹರಿಯುತ್ತೆ, ಅದನ್ನು ಥಟ್ಟನೆ ಕಡಿದರೆ ಕಾಂತಕ್ಷೇತ್ರ ಕುಸಿಯುತ್ತೆ, ಸಾವಿರಾರು ಸುತ್ತಿನ ಸೆಕೆಂಡರಿ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನ ತುದಿಯಲ್ಲಿ ಕಿಡಿ ಹಾರುತ್ತೆ. ಬ್ಯಾಟರಿ, ಪಾಯಿಂಟ್, ಕಾಯಿಲ್, ಡಿಸ್ಟ್ರಿಬ್ಯೂಟರ್, ಪ್ಲಗ್ ಅನ್ನೋ ಈ ಸರಪಳಿಗೆ ಕೆಟರಿಂಗ್ ಇಗ್ನಿಷನ್ ಅಂತಲೇ ಹೆಸರು ಬಂತು. ನಮ್ಮ ಹಳೇ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳು ಓಡಿದ್ದು ಇದರಲ್ಲೇ. ಪಾಯಿಂಟ್‌ಗೆ ಉಪ್ಪುಕಾಗದ ಉಜ್ಜಿ ಗಾಡಿ ಎಬ್ಬಿಸುತ್ತಿದ್ದ ಹಳೇ ಮೆಕ್ಯಾನಿಕ್‌ಗಳು ಕೆಟರಿಂಗ್ ಅವರ ಕೈಕೆಲಸವನ್ನೇ ಉಜ್ಜುತ್ತಿದ್ದರು ಅನ್ನಬಹುದು. ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೆಲ್ಯಾಂಡ್ ಈ ಸೆಟ್‌ಗಳನ್ನು ಸಾವಿರಗಳ ಲೆಕ್ಕದಲ್ಲಿ ಆರ್ಡರ್ ಮಾಡಿದರು.

ಕೈ ಮುರಿಯುವ ಹ್ಯಾಂಡಲ್

ಆಗಿನ ಕಾರಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ಕಿಡಿಯ ಸಮಯ ಸ್ವಲ್ಪ ಮುಂದಾದರೂ ಎಂಜಿನ್ ಹಿಂದಕ್ಕೆ ಒದ್ದು ಹ್ಯಾಂಡಲ್ ತಿರುಗಿ ಬಡೀತಿತ್ತು. ಮಣಿಕಟ್ಟು, ದವಡೆ ಮುರಿದುಕೊಂಡವರು ಬೇಕಾದಷ್ಟು ಜನ. ಲೆಲ್ಯಾಂಡ್ ಅವರ ಗೆಳೆಯ ಬೈರನ್ ಕಾರ್ಟರ್ ತಾವೇ ಕಾರು ತಯಾರಿಸುತ್ತಿದ್ದವರು. ದಾರಿಯಲ್ಲಿ ಕಾರು ಕೆಟ್ಟು ನಿಂತಿದ್ದ ಒಬ್ಬ ಹೆಂಗಸಿಗೆ ಸಹಾಯ ಮಾಡೋಕೆ ಹೋಗಿ ಹ್ಯಾಂಡಲ್ ಏಟು ತಿಂದು, ಅದರಿಂದಲೇ ಮುಂದೆ 1908ರಲ್ಲಿ ತೀರಿಕೊಂಡರು ಅನ್ನೋ ಕಥೆ ಕಾರುಗಳ ಚರಿತ್ರೆಯಲ್ಲಿ ಪ್ರಸಿದ್ಧ. ಕ್ಯಾಡಿಲಾಕ್‌ಗೆ ಹ್ಯಾಂಡಲ್ ಬೇಡವೇ ಬೇಡ ಅಂತ ಲೆಲ್ಯಾಂಡ್ ಹಟ ಹಿಡಿದದ್ದು ಈ ಸಾವಿನ ನಂತರ ಅಂತ ಹೇಳ್ತಾರೆ.

ಎಂಜಿನ್ ತಿರುಗಿಸೋ ಶಕ್ತಿಯ ಮೋಟರ್ ಹಾಕಿದರೆ ಅದು, ಅದರ ಬ್ಯಾಟರಿ ಎರಡೂ ಸೇರಿ ಕಾರಿನಷ್ಟೇ ದೊಡ್ಡದಾಗುತ್ತೆ ಅಂತ ಬಲ್ಲವರು ಲೆಕ್ಕ ಹಾಕಿದ್ದರು. ಲೆಕ್ಕ ತಪ್ಪೇನಲ್ಲ, ಮೋಟರ್ ದಿನವಿಡೀ ಓಡಬೇಕು ಅಂತಾದರೆ. ಕೆಟರಿಂಗ್‌ಗೆ ಕ್ಯಾಶ್ ರಿಜಿಸ್ಟರ್ ನೆನಪಿತ್ತು. ಎಂಜಿನ್ ಹಿಡಿಯೋದಕ್ಕೆ ಬೇಕಾದದ್ದು ಕೆಲವೇ ಸೆಕೆಂಡ್. ಚಿಕ್ಕ ಮೋಟರ್ ಸಾಕು. ಎಂಜಿನ್ ಓಡತೊಡಗಿದ ಮೇಲೆ ಅದೇ ಮೋಟರ್ ಜನರೇಟರ್ ಆಗಿ ಬ್ಯಾಟರಿಯನ್ನು ಚಾರ್ಜ್ ಮಾಡ್ತಿತ್ತು. ಸ್ಟಾರ್ಟ್ ಮಾಡುವಾಗ 24 ವೋಲ್ಟ್, ಚಾರ್ಜ್ ಮಾಡುವಾಗ 6 ವೋಲ್ಟ್. 1911ರ ಫೆಬ್ರವರಿಯಲ್ಲಿ ಮೊದಲ ಕಾರು ಲೆಲ್ಯಾಂಡ್ ಮುಂದೆ ನಿಂತಿತು. 1912ರ ಮಾಡೆಲ್ ಕ್ಯಾಡಿಲಾಕ್‌ನಲ್ಲಿ ಸ್ಟಾರ್ಟರ್, ಇಗ್ನಿಷನ್, ದೀಪ ಮೂರೂ ಒಂದೇ ವಿದ್ಯುತ್ ವ್ಯವಸ್ಥೆಯಾಗಿ ಬಂದವು. ತೋಳ್ಬಲ ಇಲ್ಲದವರೂ ಒಬ್ಬರೇ ಕಾರು ತಗೊಂಡು ಹೊರಡಬಹುದು ಅಂತಾಯ್ತು.

ಅದೇ ಸರಪಳಿ, ಇವತ್ತಿನ ದೀಪಗಳು

ಇಲ್ಲಿ ಸ್ವಲ್ಪ ನಿಂತು ಇವತ್ತಿನ ಕಾರಿನೊಳಗೆ ಕೂತು ನೋಡೋಣ. ಪಾಯಿಂಟ್ ಹೋಗಿ ಸೆನ್ಸರ್ ಮತ್ತು ಇಸಿಯು ಬಂದಿವೆ, ಆದರೆ ಕೆಟರಿಂಗ್ ಹಾಕಿಕೊಟ್ಟ ಕ್ರಮ ಹಾಗೇ ಇದೆ. ಮೊದಲು ಬ್ಯಾಟರಿ, ಆಮೇಲೆ ಸೆಲ್ಫ್, ಆಮೇಲೆ ಕಿಡಿ. ಮಧ್ಯದಲ್ಲಿ ಹೊಸದಾಗಿ ಸೇರಿದ್ದು ಒಂದು ಬೀಗ. ಹಳೇ ಕಾರಿನ ಕೀ ಬರೀ ಒಂದು ಸ್ವಿಚ್. ಕೀ ಇಲ್ಲದಿದ್ದರೂ ತಂತಿ ಎಳೆದು ಜೋಡಿಸಿದರೆ ಗಾಡಿ ಎದ್ದು ಕೂರ್ತಿತ್ತು, ಕಳ್ಳರಿಗೂ ಹ್ಯಾಂಡಲ್ ಹೊಡೆಯೋ ಕಷ್ಟ ತಪ್ಪಿತ್ತು! ಅದಕ್ಕೇ 1990ರ ದಶಕದಲ್ಲಿ ಇಮ್ಮೊಬಿಲೈಜರ್ ಬಂತು, 1998ರ ಹೊತ್ತಿಗೆ ಯೂರೋಪಿನಲ್ಲಿ ಹೊಸ ಕಾರುಗಳಿಗೆ ಕಡ್ಡಾಯವೇ ಆಯ್ತು. ಕೀ ತಲೆಯೊಳಗೆ ಒಂದು ಪುಟ್ಟ ಚಿಪ್. ಕೀ ಹಾಕೋ ತೂತಿನ ಸುತ್ತ ಒಂದು ಕಾಯಿಲ್. ಆ ಕಾಯಿಲ್‌ನ ಕಾಂತಕ್ಷೇತ್ರದಿಂದಲೇ ಚಿಪ್ ಎಚ್ಚರಗೊಂಡು ತನ್ನ ಕೋಡ್ ಹೇಳುತ್ತೆ, ಅದಕ್ಕೆ ಬೇರೆ ಬ್ಯಾಟರಿ ಬೇಡ. ಕೋಡ್ ಹೊಂದದಿದ್ದರೆ ಇಸಿಯು ಪೆಟ್ರೋಲನ್ನೋ ಕಿಡಿಯನ್ನೋ ಕೊಡೋದಿಲ್ಲ, ಕೆಲವು ಕಾರುಗಳಲ್ಲಿ ಸೆಲ್ಫ್ ಕೂಡ ತಗೊಳ್ಳೋದಿಲ್ಲ.

ಹಾಗಾಗಿ ಸ್ಟಾರ್ಟ್ ಆಗದ ಕಾರಿನ ಡ್ಯಾಶ್‌ಬೋರ್ಡನ್ನು ಸರಪಳಿಯ ಕ್ರಮದಲ್ಲೇ ಓದಬೇಕು. ಕೀ ಆನ್ ಮಾಡಿದಾಗ ದೀಪಗಳು ಹೊತ್ತಿಕೊಳ್ಳೋದು ದೋಷ ಅಲ್ಲ, ಅದು ಕಾರಿನ ಹಾಜರಿ. ದೀಪ ಹೊತ್ತದೇ ಇದ್ದರೆ ಅಥವಾ ಸೆಲ್ಫ್ ಹೊಡೆದಾಗ ಮಂಕಾಗಿ ಟಕ್ ಟಕ್ ಅಂದರೆ ಬ್ಯಾಟರಿ ಇಲ್ಲವೇ ಅದರ ಟರ್ಮಿನಲ್ ನೋಡಿ. ದೀಪ ಪ್ರಖರವಾಗಿದ್ದು ಒಂದೇ ಸಲ ಟಕ್ ಅಂದು ಸುಮ್ಮನಾದರೆ ಸೆಲ್ಫ್ ಮೋಟರ್ ಅಥವಾ ಅದರ ಸೊಲೆನಾಯ್ಡ್ ಮೇಲೆ ಅನುಮಾನ. ಯಾವ ಶಬ್ದವೂ ಇಲ್ಲದಿದ್ದರೆ ಕ್ಲಚ್ ತುಳಿಯಿರಿ ಅಂತಲೋ ಗೇರ್ ಪಾರ್ಕ್‌ಗೆ ಹಾಕಿ ಅಂತಲೋ ಪರದೆಯಲ್ಲಿ ಬಂದಿದೆಯಾ ನೋಡಿ. ಸೆಲ್ಫ್ ಚೆನ್ನಾಗಿ ತಿರುಗಿದರೂ ಎಂಜಿನ್ ಹಿಡಿಯದೆ, ಅಥವಾ ಹಿಡಿದು ಒಂದೆರಡು ಸೆಕೆಂಡಿಗೆ ಆರಿ, ಕೀ ಗುರುತಿನ ದೀಪ ಮಿಣುಕುತ್ತಿದ್ದರೆ ಅದು ಇಮ್ಮೊಬಿಲೈಜರ್ ಮಾತು: ಈ ಕೀ ನನಗೆ ಗೊತ್ತಿಲ್ಲ ಅಂತಿದೆ. ಗೊಂಚಲಿನ ಬೇರೆ ಕೀಗಳನ್ನು ತೆಗೆದು, ಇಲ್ಲಾ ಮನೆಯಲ್ಲಿರುವ ಎರಡನೇ ಕೀ ತಂದು ನೋಡಬೇಕು. ಬಟನ್ ಸ್ಟಾರ್ಟ್ ಕಾರಿನಲ್ಲಿ ಕೀ ಕಾಣ್ತಿಲ್ಲ ಅಂತ ಬಂದರೆ ರಿಮೋಟ್‌ನ ಸೆಲ್ ಮುಗಿದಿರಬಹುದು. ಬಹಳಷ್ಟು ಕಾರುಗಳಲ್ಲಿ ರಿಮೋಟನ್ನು ಬಟನ್‌ಗೇ ತಾಗಿಸಿ ಹಿಡಿದರೆ ಒಳಗಿನ ಚಿಪ್ ಓದಿಕೊಳ್ಳುತ್ತೆ.

ಕೀ ದೀಪ ಆರಿದ್ದು ಎಂಜಿನ್ ದೀಪ ಉಳಿದರೆ ಒಬಿಡಿ ಸ್ಕ್ಯಾನರ್ ಹಾಕಬೇಕು. ಪಿ0301 ಅಂದರೆ ಮೊದಲನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್. ಪಿ0335 ಅಂದರೆ ಕ್ರ್ಯಾಂಕ್‌ಶಾಫ್ಟ್ ಸೆನ್ಸರ್‌ನ ಸರ್ಕ್ಯೂಟ್, ಅದು ಕೆಟ್ಟರೆ ಕಿಡಿ ಯಾವಾಗ ಕೊಡಬೇಕು ಅನ್ನೋದೇ ಇಸಿಯುಗೆ ಗೊತ್ತಾಗಲ್ಲ. ಇನ್ನೊಂದು ಮುಖ್ಯ ವಿಷಯ. ಬ್ಯಾಟರಿ ಡೌನ್ ಆಗಿದ್ದರೆ ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು ಇಸಿಯುಗಳೇ ತಡವರಿಸುತ್ತವೆ, ಸಂಬಂಧವೇ ಇಲ್ಲದ ನಾಲ್ಕು ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಅಂದರೆ ದೀಪ ಸುಳ್ಳು ಹೇಳ್ತಿಲ್ಲ, ಆದರೆ ಪೂರ್ತಿ ಕಥೆಯನ್ನೂ ಹೇಳ್ತಿಲ್ಲ. ಇಮ್ಮೊಬಿಲೈಜರ್ ಬದಲಿಸೋಕೆ ಸಾವಿರಾರು ರೂಪಾಯಿ ಸುರಿಯೋ ಮುಂಚೆ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯೋದು ಜಾಣತನ.

ಆಪಾದನೆ ಬಂದದ್ದು ಇಗ್ನಿಷನ್ ಮೇಲೆ

ಕೆಟರಿಂಗ್ ಕಥೆಗೆ ವಾಪಸ್ ಬರೋಣ, ಯಾಕಂದ್ರೆ ಅವರಿಗೂ ಇಂಥದ್ದೇ ಒಂದು ಪರೀಕ್ಷೆ ಬಂತು. ಆಗಿನ ಎಂಜಿನ್‌ಗಳು ಏರು ಹತ್ತುವಾಗ ಒಳಗೆ ಸುತ್ತಿಗೆಯಿಂದ ಹೊಡೆದ ಹಾಗೆ ಶಬ್ದ ಮಾಡ್ತಿದ್ದವು. ಅದೇ ನಾಕಿಂಗ್. ಕಾರು ಕಂಪನಿಗಳು ಬೊಟ್ಟು ಮಾಡಿದ್ದು ಡೆಲ್ಕೊದ ಬ್ಯಾಟರಿ ಇಗ್ನಿಷನ್ ಕಡೆಗೆ. ಹೊಸದಾಗಿ ಬಂದ ಭಾಗದ ಮೇಲೇ ಎಲ್ಲರ ಅನುಮಾನ ಹೋಗೋದು ಆಗಲೂ ಇತ್ತು, ಈಗಲೂ ಇದೆ.

ಕೆಟರಿಂಗ್ ವಾದ ಮಾಡುವ ಬದಲು ಪರೀಕ್ಷೆಗೆ ಇಳಿದರು. 1916ರಲ್ಲಿ ಥಾಮಸ್ ಮಿಜ್ಲಿ ಅನ್ನೋ ಯುವ ಮೆಕ್ಯಾನಿಕಲ್ ಎಂಜಿನಿಯರ್‌ಗೆ ಈ ಕೆಲಸ ಒಪ್ಪಿಸಿದರು. ಸಿಲಿಂಡರ್ ಒಳಗೆ ಏನಾಗ್ತಿದೆ ಅಂತ ಅಳೆದು ನೋಡಿದಾಗ ಗೊತ್ತಾಯ್ತು: ತಪ್ಪು ಕಿಡಿಯದ್ದಲ್ಲ, ಪೆಟ್ರೋಲಿನದ್ದು. ಕಿಡಿ ಹೊತ್ತಿದ ಮೇಲೆ ಜ್ವಾಲೆ ಇನ್ನೂ ಮುಟ್ಟದ ಮೂಲೆಯ ಮಿಶ್ರಣ ಒತ್ತಡಕ್ಕೆ ತಾನಾಗಿಯೇ ಸ್ಫೋಟಿಸ್ತಿತ್ತು. ಎಲ್ಲರೂ ಒಂದು ಕಡೆ ಕೈ ತೋರಿಸ್ತಿದ್ದಾಗ ಇವರು ಅಳತೆ ತೋರಿಸಿದ ಕಡೆ ಹೋದರು. ಇದು ಅವರ ಬದುಕಿನ ಅತ್ಯುತ್ತಮ ರೋಗನಿರ್ಣಯ ಅಂತ ನಮ್ಮ ಅಭಿಪ್ರಾಯ.

ಈ ಮಧ್ಯೆ ಡೆಲ್ಕೊ ಕೈಬದಲಾಗಿ ಜನರಲ್ ಮೋಟರ್ಸ್ ಸೇರಿತು. 1920ರಿಂದ 1947ರವರೆಗೆ ಕೆಟರಿಂಗ್ ಅದರ ಸಂಶೋಧನಾ ವಿಭಾಗದ ಮುಖ್ಯಸ್ಥರು. ಸೋಲೂ ಬಂತು. ನೀರಿಲ್ಲದೆ ಗಾಳಿಯಿಂದ ತಣಿಯುವ ತಾಮ್ರದ ರೆಕ್ಕೆಗಳ ಎಂಜಿನ್ ಮಾಡಿದರು. 1923ರಲ್ಲಿ ಮಾರುಕಟ್ಟೆಗೆ ಬಂದ ಶೆವ್ರೊಲೆ ಕಾರುಗಳನ್ನು ಕಂಪನಿ ವಾಪಸ್ ಕರೆಸಿಕೊಳ್ಳಬೇಕಾಯ್ತು. ರಾಜೀನಾಮೆ ಕೊಡೋಕೆ ಮುಂದಾದರು, ಆಲ್ಫ್ರೆಡ್ ಸ್ಲೋನ್ ತಡೆದು ನಿಲ್ಲಿಸಿಕೊಂಡರು.

ಶಬ್ದ ನಿಂತಿತು

ನಾಕಿಂಗ್‌ಗೆ ಮದ್ದು ಹುಡುಕುತ್ತಾ ಮಿಜ್ಲಿ ತಂಡ ಅಯೋಡಿನ್, ಅನಿಲಿನ್ ಅಂತ ನೂರಾರು ವಸ್ತು ಬೆರೆಸಿ ನೋಡಿತು. 1921ರ ಡಿಸೆಂಬರ್ 9ರಂದು ಟೆಟ್ರಾ ಈಥೈಲ್ ಲೆಡ್ ಬೆರೆಸಿದಾಗ ಎಂಜಿನ್ ಸದ್ದಡಗಿತು. ಚೂರೇ ಚೂರು ಸಾಕು, ಬೆಲೆಯೂ ಕಡಿಮೆ. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ಕಡಿಮೆಯಾಗುತ್ತೆ ಅನ್ನೋದು ಆ ತಂಡಕ್ಕೆ ಗೊತ್ತಿತ್ತು. ಇವತ್ತು ನಮ್ಮ ಬಂಕ್‌ಗಳಲ್ಲಿ ಸಿಗೋ ಇ20 ಪೆಟ್ರೋಲಿನಲ್ಲಿರೋದೂ ಅದೇ ಇಥನಾಲ್. ಆದರೆ ಅದು ಬಹಳ ಪ್ರಮಾಣದಲ್ಲಿ ಬೇಕು, ಮತ್ತು ಅದಕ್ಕೆ ಪೇಟೆಂಟ್ ಸಿಗೋದಿಲ್ಲ. ಆಯ್ಕೆಯಾದದ್ದು ಸೀಸ. ಸೀಸ ವಿಷ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ, ಶತಮಾನಗಳಿಂದ ಗೊತ್ತಿತ್ತು.

1923ರಲ್ಲಿ ಈಥೈಲ್ ಅನ್ನೋ ಹೆಸರಿನಲ್ಲಿ ಡೇಟನ್‌ನಲ್ಲೇ ಮಾರಾಟ ಶುರುವಾಯ್ತು. ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ. 1924ರಲ್ಲಿ ಹುಟ್ಟಿದ ಈಥೈಲ್ ಕಂಪನಿಗೆ ಕೆಟರಿಂಗ್ ಅಧ್ಯಕ್ಷರಾದರು. ಎಚ್ಚರಿಕೆಯ ದೀಪಗಳು ಒಂದೊಂದಾಗಿ ಹೊತ್ತಿಕೊಂಡಿದ್ದವು. ಮಿಜ್ಲಿ ಅವರಿಗೇ ಸೀಸದ ವಿಷ ತಗುಲಿ ವಿಶ್ರಾಂತಿಗೆ ಹೋಗಬೇಕಾಯ್ತು. ಡೇಟನ್‌ನಲ್ಲಿ ಇಬ್ಬರು ಕೆಲಸಗಾರರು ಸತ್ತರು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಐವರು ಭ್ರಮೆ ಹಿಡಿದು ಪ್ರಾಣ ಬಿಟ್ಟರು, ಇನ್ನೂ ಅನೇಕರು ಆಸ್ಪತ್ರೆ ಸೇರಿದರು. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ಸರ್ಕಾರ ಕರೆದ ಸಭೆಯಲ್ಲಿ ಹಾರ್ವರ್ಡ್‌ನ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಕಟುವಾಗಿ ವಿರೋಧಿಸಿದರು. ಕೆಟರಿಂಗ್ ಇದ್ದದ್ದು ಇನ್ನೊಂದು ಪಕ್ಷದಲ್ಲಿ. ಮರುವರ್ಷ ಸಮಿತಿಯೊಂದು ನಿಷೇಧಕ್ಕೆ ಸಾಕಷ್ಟು ಕಾರಣವಿಲ್ಲ ಅಂದಿತು, ನಿಂತಿದ್ದ ಮಾರಾಟ ಮತ್ತೆ ಶುರುವಾಯ್ತು. ಮುಂದೂ ಅಧ್ಯಯನ ಆಗಬೇಕು ಅಂತ ಅದೇ ಸಮಿತಿ ಹೇಳಿದ್ದು ಮಾತ್ರ ಮೂಲೆಗುಂಪಾಯ್ತು.

ಹೊಗೆಯ ಜೊತೆ ಸೀಸ ಬೀದಿ ಬೀದಿಗೂ ಹೋಯ್ತು, ಮಕ್ಕಳ ರಕ್ತಕ್ಕೂ ಸೇರಿ ಅವರ ಬುದ್ಧಿ ಬೆಳವಣಿಗೆಗೇ ಪೆಟ್ಟು ಕೊಟ್ಟಿತು. ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ನಮ್ಮ ಅಪ್ಪ ಅಮ್ಮಂದಿರ ಬಾಲ್ಯವೆಲ್ಲ ಆ ಗಾಳಿಯಲ್ಲೇ ಕಳೆದದ್ದು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ ನಿಲ್ಲಿಸಿದ್ದು 2021ರಲ್ಲಿ.

ಉಳಿದದ್ದು

ಇಷ್ಟಕ್ಕೇ ಅವರನ್ನು ಖಳನಾಯಕ ಮಾಡಿ ಮುಗಿಸೋಕೆ ಆಗಲ್ಲ. 1930ರ ದಶಕದಲ್ಲಿ ಮಗ ಯೂಜೀನ್ ಜೊತೆ ಸೇರಿ ರೈಲಿಗೆ ಹೊಂದುವ ಹಗುರ ಟೂ ಸ್ಟ್ರೋಕ್ ಡೀಸೆಲ್ ಎಂಜಿನ್ ತಂದರು. ಉಗಿಬಂಡಿ ಮೂಲೆಗೆ ಸರಿದದ್ದರಲ್ಲಿ ಅದರ ಪಾಲು ದೊಡ್ಡದು. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಲೋಕೋಗಳ ಟೂ ಸ್ಟ್ರೋಕ್ ಎಂಜಿನ್ ಅದೇ ವಂಶದ್ದು. ದೂಧ್‌ಸಾಗರ್ ಘಾಟಿಯಲ್ಲಿ ಅವು ಗುಡುಗುತ್ತಾ ಏರುವ ಸದ್ದು ಕೇಳಿದವರು ಕೆಟರಿಂಗ್ ಕೆಲಸವನ್ನು ಕೇಳಿದ್ದಾರೆ. 1945ರಲ್ಲಿ ಸ್ಲೋನ್ ಜೊತೆ ನ್ಯೂಯಾರ್ಕ್‌ನಲ್ಲಿ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕಟ್ಟಿದರು. ಮರುವರ್ಷವೇ ಆಲಿವ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಕೆಲವು ತಿಂಗಳು ಕ್ಲಾಸು, ಕೆಲವು ತಿಂಗಳು ಕಾರ್ಖಾನೆ ಅನ್ನೋ ಓದಿನ ಕ್ರಮದ ಪರವಾಗಿ ಜೀವನವಿಡೀ ಮಾತಾಡಿದರು. ಹಾಗೇ ಕಲಿಸುವ ಫ್ಲಿಂಟ್‌ನ ಜನರಲ್ ಮೋಟರ್ಸ್ ಇನ್‌ಸ್ಟಿಟ್ಯೂಟ್‌ಗೆ 1998ರಲ್ಲಿ ಅವರ ಹೆಸರಿಟ್ಟರು. 1958ರ ನವೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ ಕೆಟರಿಂಗ್ ಹೋದರು.

ಎಂಜಿನ್ ಹೇಳಿದ್ದನ್ನು ಅಷ್ಟು ತಾಳ್ಮೆಯಿಂದ ಕೇಳಿಸಿಕೊಂಡವರು, ಮನುಷ್ಯರ ಮೈ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ. ನಾಕಿಂಗ್ ಒಂದು ಲಕ್ಷಣ. ಅದು ನಿಂತ ಕೂಡಲೇ ಕೆಲಸ ಮುಗೀತು ಅಂದುಕೊಂಡರು. ನಮ್ಮ ಮುಂದೆ ಇದೇ ಪ್ರಶ್ನೆ ಚಿಕ್ಕ ರೂಪದಲ್ಲಿ ದಿನಾ ಬರುತ್ತೆ. ಸ್ಕ್ಯಾನರ್ ಹಾಕಿ ಕೋಡ್ ಅಳಿಸಿದರೆ ಡ್ಯಾಶ್‌ಬೋರ್ಡ್ ದೀಪ ಒಂದು ನಿಮಿಷದಲ್ಲಿ ಆರುತ್ತೆ, ದೋಷ ಮಾತ್ರ ಅಲ್ಲೇ ಇರುತ್ತೆ. ಸೆಕೆಂಡ್ ಹ್ಯಾಂಡ್ ಕಾರು ಮಾರೋ ಮುಂಚೆ ಕೆಲವರು ಮಾಡೋದೂ ಇಷ್ಟೇ. ಮುಂದೆ ನಮ್ಮಲ್ಲಿ ಯಾರ್ಯಾರೋ ಯಾವ್ಯಾವುದೋ ಕಂಪನಿಗಳಲ್ಲಿ ಇಂಥ ದೀಪಗಳ ಮುಂದೆ ಕೂರ್ತೀವಿ. ಆಗ ದೀಪ ಆರಿಸೋ ಕೆಲಸ ಬೇರೆ, ರಿಪೇರಿ ಬೇರೆ ಅನ್ನೋದು ನೆನಪಿದ್ದರೆ ಸಾಕು.